ಬಾಟ್ಲಿಯೇ ಸುಳ್ಳು ಹೇಳಿದರೆ? ನೀರಿನ ಸ್ಯಾಂಪಲ್ ಹಿಡಿಯುವ ಕೆಲಸದ ಒಳಗುಟ್ಟು

ಹುನಗುಂದ, ಇಳಕಲ್ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ಮಾತು ಶುರುವಾದರೆ ಹಿಂದೆಯೇ ಫ್ಲೋರೈಡ್ ಮಾತು ಬರುತ್ತದೆ. ಮುಧೋಳ, ಜಮಖಂಡಿ ಕಡೆ ಹೋದರೆ ಕಬ್ಬಿನ ಹೊಲಕ್ಕೆ ಸುರಿದ ಗೊಬ್ಬರ, ನೈಟ್ರೇಟ್, ಹಳ್ಳಕ್ಕೆ ಬಂದ ಕಪ್ಪು ನೀರು. ವಿಜಯಪುರದ ಡೋಣಿ ನದಿಯ ಸಾಲಿನಲ್ಲಿ ಉಪ್ಪು. 'ಡೋಣಿ ಹರಿದರೆ ಓಣೆಲ್ಲ ಕಾಳು' ಎನ್ನುವುದು ಅಲ್ಲಿನ ಎರೆ ಮಣ್ಣಿನ ಮಟ್ಟಿಗೆ ಸರಿ, ಕುಡಿಯುವ ನೀರಿನ ಕಥೆ ಬೇರೆ. ಊರು ಯಾವುದೇ ಇರಲಿ, ಮಾತು ಮುಗಿಯುವುದು ಮಾತ್ರ ಒಂದೇ ಕಡೆ: "ನೀರು ಟೆಸ್ಟ್ ಮಾಡಿಸೋಣ."

ಆಮೇಲೆ ಏನಾಗುತ್ತದೆ? ಯಾರೋ ಮನೆಯಲ್ಲಿ ಬಿದ್ದಿದ್ದ ಬಾಟ್ಲಿ ತೊಳೆದು, ನೀರು ತುಂಬಿ, ಬಾಗಲಕೋಟೆಗೆ ಹೊರಟವರ ಕೈಗೆ ಕೊಡುತ್ತಾರೆ. ಕೆಲವು ದಿನ ಬಿಟ್ಟು ವರದಿ ಬರುತ್ತದೆ. ಸೀಲು, ಸಹಿ, ದಶಮಾಂಶದ ಎರಡನೇ ಸ್ಥಾನದವರೆಗೆ ಅಂಕಿ. ನೋಡಿದ ಕೂಡಲೇ ನಂಬಿಕೆ ಬರುತ್ತದೆ, ಅಲ್ವಾ?

ಆ ನಂಬಿಕೆಯನ್ನು ಸ್ವಲ್ಪ ತಡೆದಿಟ್ಟುಕೊಳ್ಳುವುದು ಒಳ್ಳೆಯದು. ಲ್ಯಾಬಿನ ಯಂತ್ರ ಬಾಟ್ಲಿಯೊಳಗೆ ಏನಿದೆಯೋ ಅದನ್ನು ಅಳೆಯುತ್ತದೆ. ಅದು ಬೋರ್‌ವೆಲ್ಲಿನಿಂದ ಬಂತೋ, ಬಾಟ್ಲಿಯ ಗೋಡೆಯಿಂದ ಬಂತೋ, ಹಿಡಿದವರ ಬೆರಳಿನಿಂದ ಬಂತೋ, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಲ್ಯಾಬಿನಲ್ಲಿ ತಪ್ಪಾದರೆ ಅದೇ ನೀರನ್ನು ಮತ್ತೊಮ್ಮೆ ಪರೀಕ್ಷೆ ಮಾಡಬಹುದು. ನೀರು ಹಿಡಿಯುವಾಗಲೇ ತಪ್ಪಾದರೆ ಹತ್ತು ಸಲ ಪರೀಕ್ಷೆ ಮಾಡಿದರೂ ಅದೇ ತಪ್ಪು ಉತ್ತರ, ಅಷ್ಟೇ ಖಚಿತವಾಗಿ ಬರುತ್ತದೆ.

ನಾವು ಹುಡುಕುತ್ತಿರುವುದು ಎಷ್ಟು ಚಿಕ್ಕ ಪ್ರಮಾಣ ಎಂಬುದನ್ನು ಮೊದಲು ನೋಡೋಣ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500, 2012ರದ್ದು. ಅದರ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ನೈಟ್ರೇಟ್ 45 ಮಿಲಿಗ್ರಾಂ, ಅದರ ಮೇಲೆ ರಿಯಾಯಿತಿ ಇಲ್ಲ. ಸೀಸ 0.01 ಮಿಲಿಗ್ರಾಂ. ಅಂದರೆ ಒಂದು ಗ್ರಾಂ ಸೀಸವನ್ನು ಒಂದು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದೇ ಪಾಲನ್ನು ಒಂದು ಲೀಟರಿಗೆ ಹಾಕಿದರೆ ಮಿತಿ ಮುಟ್ಟಿತು. ನೀರಿಗೆ ಮಲ ಸೇರಿದ್ದನ್ನು ತೋರಿಸುವ ಇ. ಕೋಲೈ ಬ್ಯಾಕ್ಟೀರಿಯಾ ಅಂತೂ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಇಷ್ಟು ಸಣ್ಣದನ್ನು ಅಳೆಯುವಾಗ ಕೈಯ ಕೊಳೆ, ಬಾಟ್ಲಿಯ ಕೊಳೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಈ ಪಾಠವನ್ನು ಜಗತ್ತಿಗೆ ಕಲಿಸಿದವರು ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಅವರು ಹೊರಟಿದ್ದು ಭೂಮಿಯ ವಯಸ್ಸು ಕಂಡುಹಿಡಿಯಲು. ಉಲ್ಕಾಶಿಲೆಯಲ್ಲಿರುವ ಸೀಸವನ್ನು ಅಳೆದರೆ ವಯಸ್ಸು ಸಿಗುತ್ತದೆ. ಆದರೆ ಅಳೆದಾಗಲೆಲ್ಲ ಸೀಸ ಲೆಕ್ಕಕ್ಕಿಂತ ಜಾಸ್ತಿ ಬರುತ್ತಿತ್ತು. ಕಲ್ಲಿನಲ್ಲಿ ಇಲ್ಲದ ಸೀಸ ಎಲ್ಲಿಂದ ಬಂತು? ಗಾಳಿಯಿಂದ, ಧೂಳಿನಿಂದ, ಗಾಜಿನ ಪಾತ್ರೆಯಿಂದ, ರಾಸಾಯನಿಕಗಳಿಂದ, ಕೂದಲಿನಿಂದ. ಕೊನೆಗೆ ಹೊರಗಿನ ಗಾಳಿ ನುಸುಳದ ಶುಚಿಯಾದ ಲ್ಯಾಬ್ ಕಟ್ಟಿಕೊಂಡು ಕೂತರು. 1956ರಲ್ಲಿ ಪ್ರಕಟಿಸಿದ ಅವರ ಲೆಕ್ಕ ಸುಮಾರು 455 ಕೋಟಿ ವರ್ಷ. ಇಂದಿಗೂ ಅದು ಹೆಚ್ಚುಕಡಿಮೆ ಹಾಗೇ ನಿಂತಿದೆ. ನಂತರ ಅದೇ ಎಚ್ಚರದಿಂದ ಸಮುದ್ರದ ನೀರು ಹಿಡಿದು ನೋಡಿದರು. ಹಿಂದಿನವರು ಕೊಟ್ಟಿದ್ದ ಸೀಸದ ಅಂಕಿಗಳಲ್ಲಿ ದೊಡ್ಡ ಪಾಲು ಸಮುದ್ರದ್ದೇ ಅಲ್ಲ, ನೀರು ಎತ್ತಿದ ಸಲಕರಣೆ ಮತ್ತು ಬಾಟ್ಲಿಯದ್ದು ಎಂದು ಗೊತ್ತಾಯಿತು. ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ಅವರು ನಡೆಸಿದ ಹೋರಾಟ ಹುಟ್ಟಿದ್ದೂ ಇಲ್ಲಿಂದಲೇ. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ರಲ್ಲಿ.

ಯಾವ ನೀರಿಗೆ ಯಾವ ಬಾಟ್ಲಿ

"ಒಂದು ಬಾಟ್ಲಿ ನೀರು ತಗೊಂಡು ಬನ್ನಿ, ಎಲ್ಲ ಟೆಸ್ಟ್ ಮಾಡಿಬಿಡೋಣ" ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ಏನೋ ಎಡವಟ್ಟಿದೆ ಎಂದುಕೊಳ್ಳಿ. ಎಲ್ಲದಕ್ಕೂ ಆಗುವ ಬಾಟ್ಲಿ ಅಂತ ಒಂದಿಲ್ಲ.

ಫ್ಲೋರೈಡ್ ತೆಗೆದುಕೊಳ್ಳಿ. ಇದು ಗಾಜಿನ ಜೊತೆ ಪ್ರತಿಕ್ರಿಯೆ ನಡೆಸುವ ಸ್ವಭಾವದ್ದು. ಹಾಗಾಗಿ ಅದಕ್ಕೆ ಪಾಲಿಥಿನ್ ಬಾಟ್ಲಿಯೇ ಬೇಕು. ಒಳ್ಳೆಯ ಸುದ್ದಿ ಏನೆಂದರೆ, ಸರಿಯಾದ ಬಾಟ್ಲಿಗೆ ಬಿದ್ದ ಮೇಲೆ ಫ್ಲೋರೈಡ್ ತಕರಾರು ಮಾಡುವುದಿಲ್ಲ. ಮಂಜುಗಡ್ಡೆ ಬೇಡ, ಆಸಿಡ್ ಬೇಡ, ನಾಲ್ಕು ವಾರ ಇಟ್ಟರೂ ಅಂಕಿ ಬದಲಾಗುವುದಿಲ್ಲ. ಎಣ್ಣೆ, ಗ್ರೀಸ್ ಅಳೆಯಬೇಕೆಂದರೆ ಇದರ ಉಲ್ಟಾ: ಪ್ಲಾಸ್ಟಿಕ್ಕಿಗೆ ಎಣ್ಣೆ ಅಂಟುತ್ತದೆ, ಅಗಲ ಬಾಯಿಯ ಗಾಜಿನ ಬಾಟ್ಲಿಯೇ ಆಗಬೇಕು.

ಕಬ್ಬಿಣ, ಸೀಸ, ಸತುವಿನಂಥ ಲೋಹಗಳದ್ದು ಇನ್ನೊಂದು ರೀತಿ. ನೀರಿನಲ್ಲಿ ಕರಗಿದ್ದ ಲೋಹ ಸುಮ್ನೆ ಇರುವುದಿಲ್ಲ, ಮೆಲ್ಲಗೆ ಬಾಟ್ಲಿಯ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಬೋರ್‌ವೆಲ್ಲಿನ ನೀರು ಎತ್ತಿದಾಗ ತಿಳಿಯಾಗಿದ್ದು, ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ಕೆಂಪಗಾಗುವುದನ್ನು ನೀವೂ ನೋಡಿರುತ್ತೀರಿ. ಕರಗಿದ್ದ ಕಬ್ಬಿಣಕ್ಕೆ ಗಾಳಿ ತಾಗಿ ತುಕ್ಕಿನಂತೆ ತಳಕ್ಕೆ ಕೂತಿತು. ಬಾಟ್ಲಿಯಲ್ಲೂ ಹೀಗೇ ಆಗಿ, ಲ್ಯಾಬಿನವರು ಮೇಲಿನ ತಿಳಿ ನೀರನ್ನಷ್ಟೇ ಅಳೆದರೆ ಕಬ್ಬಿಣ ಇಲ್ಲವೇ ಇಲ್ಲ ಎಂದು ವರದಿ ಬರುತ್ತದೆ. ಅದಕ್ಕೇ ಲೋಹ ಅಳೆಯಲು ಹಿಡಿದ ನೀರಿನ ಬಾಟ್ಲಿಗೆ ಅದೇ ಜಾಗದಲ್ಲೇ ಶುದ್ಧ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ ಅನ್ನು (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) 2ಕ್ಕಿಂತ ಕೆಳಗೆ ಇಳಿಸುತ್ತಾರೆ. ಆಗ ಲೋಹ ಕರಗಿದ ಸ್ಥಿತಿಯಲ್ಲೇ ಉಳಿಯುತ್ತದೆ.

ಆದರೆ ಅದೇ ಆಸಿಡ್ ಪಕ್ಕದ ನೈಟ್ರೇಟ್ ಬಾಟ್ಲಿಗೆ ಬಿತ್ತೋ, ಕೆಲಸ ಕೆಟ್ಟಿತು. ಸುಮ್ಮನೆ ಲೆಕ್ಕ ಹಾಕಿ ನೋಡಿ. ಗಟ್ಟಿ ನೈಟ್ರಿಕ್ ಆಸಿಡ್‌ನ ಒಂದು ಹನಿ ಅಂದರೆ ಸುಮಾರು 0.05 ಮಿಲಿಲೀಟರ್. ಅದರಲ್ಲಿ ಹತ್ತಿರ ಹತ್ತಿರ 50 ಮಿಲಿಗ್ರಾಂ ನೈಟ್ರೇಟ್ ಇರುತ್ತದೆ. ನೈಟ್ರೇಟ್ ಒಂಚೂರೂ ಇಲ್ಲದ ಒಂದು ಲೀಟರ್ ನೀರಿಗೆ ಅದು ಬಿದ್ದರೆ ಸಾಕು, 45ರ ಮಿತಿ ದಾಟಿತು. ಒಂದು ಹನಿಗೆ ಊರಿನ ಬೋರ್‌ವೆಲ್ ಕುಡಿಯಲು ಯೋಗ್ಯವಲ್ಲ ಎಂದಾಯಿತು!

ಇನ್ನು ಮನೆಯ ಹಳೆ ಬಾಟ್ಲಿಗಳು. ಕೋಲಾ ಪಾನೀಯಗಳಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ. ಆ ಬಾಟ್ಲಿ ಸರಿಯಾಗಿ ತೊಳೆಯದಿದ್ದರೆ ಫಾಸ್ಫೇಟ್ ಅಂಕಿ ಏರುತ್ತದೆ. ಸರಿ, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದೆವು ಅನ್ನಿ. ಕೆಲವು ಸೋಪಿನ ಪುಡಿಯಲ್ಲೂ ಫಾಸ್ಫೇಟ್ ಇರುತ್ತದೆ! ಲ್ಯಾಬಿನಿಂದಲೇ ಬಾಟ್ಲಿ ಕೇಳಿ ತರುವುದು ಇದಕ್ಕೆಲ್ಲ ಸುಲಭದ ದಾರಿ. ಯಾವ ಪರೀಕ್ಷೆ ಬೇಕು ಎಂದು ಮೊದಲೇ ಹೇಳಿದರೆ ಅದಕ್ಕೆ ತಕ್ಕ ಬಾಟ್ಲಿ ಕೊಡುತ್ತಾರೆ.

ತುಂಬುವ ಮೊದಲು ಬಾಟ್ಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಗಲ ಮಾಡಿ ಚೆಲ್ಲಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಫ್ಲೋರೈಡ್, ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಅಂಶ) ಇವಕ್ಕೆ ಅದು ಸರಿ. ಬ್ಯಾಕ್ಟೀರಿಯಾ ಬಾಟ್ಲಿಗೆ ಮಾತ್ರ ಹಾಗೆ ಮಾಡಲೇಬಾರದು, ಕಾರಣ ಮುಂದೆ ಹೇಳುತ್ತೇನೆ. ಎಣ್ಣೆಯ ಬಾಟ್ಲಿಗೂ ಬೇಡ, ತೊಳೆದ ನೀರಿನ ಎಣ್ಣೆ ಗೋಡೆಗೆ ಉಳಿದು ಅಂಕಿ ಏರುತ್ತದೆ. ಲ್ಯಾಬಿನವರು ಮೊದಲೇ ಆಸಿಡ್ ಹಾಕಿ ಕೊಟ್ಟ ಬಾಟ್ಲಿಯನ್ನು ತೊಳೆದರೆ ಆಸಿಡ್ ಹಳ್ಳಕ್ಕೆ ಹೋಯಿತು, ಅಷ್ಟೇ.

ಕೈಯನ್ನೂ ಮರೆಯುವಂತಿಲ್ಲ. ತಂಬಾಕಿಗೆ ಸುಣ್ಣ ತಿಕ್ಕಿದ ಹೆಬ್ಬೆರಳನ್ನು ಬಾಟ್ಲಿ ಬಾಯಿಗೆ ಒತ್ತಿದರೆ ಕ್ಯಾಲ್ಸಿಯಂ ಒಳಗೆ ಹೋಗುತ್ತದೆ. ಡಿಎಪಿ ಗೊಬ್ಬರ ಮುಟ್ಟಿದ ಕೈ ಅಮೋನಿಯಾ, ಫಾಸ್ಫೇಟ್ ಎರಡನ್ನೂ ಒಟ್ಟಿಗೆ ತರುತ್ತದೆ. ಪೌಡರ್ ಇಲ್ಲದ ಕೈಗವಸು ಹಾಕಿಕೊಂಡು, ಮುಚ್ಚಳದ ಒಳಭಾಗ ಮುಟ್ಟದೆ, ಅದನ್ನು ನೆಲಕ್ಕೂ ಇಡದೆ ಕೈಯಲ್ಲೇ ಕೆಳಮುಖವಾಗಿ ಹಿಡಿದುಕೊಳ್ಳಬೇಕು.

ಬೋರ್‌ವೆಲ್: ನಿಂತ ನೀರು ಬೇಡ

ಹುನಗುಂದ, ಇಳಕಲ್ ಭಾಗದ ತಳದಲ್ಲಿರುವುದು ಗ್ರಾನೈಟ್, ನೈಸ್ ಜಾತಿಯ ಗಟ್ಟಿ ಕಲ್ಲು. ಇಳಕಲ್ಲಿನ ಕೆಂಪು ಗ್ರಾನೈಟ್ ಊರಾಚೆಗೂ ಹೆಸರಾದದ್ದು. ಇಂಥ ಕಲ್ಲಿನ ಖನಿಜಗಳಿಂದ ಫ್ಲೋರೈಡ್ ಮೆಲ್ಲಗೆ ಕರಗಿ, ಬಿರುಕುಗಳಲ್ಲಿ ನಿಂತ ನೀರಿಗೆ ಸೇರುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಆ ಬಿರುಕಿನ ನೀರು. ಬೋರ್‌ವೆಲ್ ಕೊಳವೆಯಲ್ಲಿ ನಿನ್ನೆಯಿಂದ ನಿಂತಿರುವ ನೀರಲ್ಲ. ನಿಂತ ನೀರಿಗೆ ಗಾಳಿ ತಾಗಿರುತ್ತದೆ, ಕೇಸಿಂಗ್ ಪೈಪಿನ ತುಕ್ಕು ಸೇರಿರುತ್ತದೆ, ಪಿಎಚ್ ಬದಲಾಗಿರುತ್ತದೆ.

ಎಷ್ಟು ಹೊತ್ತು ಪಂಪ್ ಓಡಿಸಬೇಕು? ನಮ್ಮ ಕಡೆ ಸಾಮಾನ್ಯವಾಗಿ ಆರೂವರೆ ಇಂಚಿನ ಬೋರ್ ಹೊಡೆಯುತ್ತಾರೆ. ಅದರಲ್ಲಿ ಒಂದು ಮೀಟರ್ ಆಳಕ್ಕೆ ಸುಮಾರು 21 ಲೀಟರ್ ನೀರು ಹಿಡಿಯುತ್ತದೆ. 60 ಮೀಟರ್ ನೀರು ನಿಂತಿದ್ದರೆ ಹೆಚ್ಚುಕಡಿಮೆ 1,280 ಲೀಟರ್. ಬಳಸದೆ ಬಿಟ್ಟ ಬೋರ್‌ವೆಲ್ ಆದರೆ ಇದರ ಮೂರು ಪಟ್ಟು ನೀರು ಹೊರಗೆ ಹೋಗಲಿ ಎನ್ನುವುದು ರೂಢಿಯ ನಿಯಮ. ಅಂದರೆ 3,800 ಲೀಟರಿನ ಆಸುಪಾಸು. ಗಂಟೆಗೆ 4,000 ಲೀಟರ್ ಎತ್ತುವ ಪಂಪಿಗೆ ಹತ್ತಿರ ಹತ್ತಿರ ಒಂದು ಗಂಟೆಯ ಕೆಲಸ. ಬೇಸಿಗೆಯಲ್ಲಿ ಇಷ್ಟು ನೀರು ಚೆಲ್ಲುವುದು ಯಾರಿಗೂ ಮನಸ್ಸಿಲ್ಲ, ಚೆಲ್ಲಬೇಕೆಂದೂ ಇಲ್ಲ. ಹೊಲಕ್ಕೆ ಬಿಡುವ ಹೊತ್ತಿಗೇ ಸ್ಯಾಂಪಲ್ ಹಿಡಿದರಾಯಿತು. ದಿನಾ ಓಡುವ ಪಂಪ್ ಆದರೆ ಇಷ್ಟು ಕಾಯುವುದೂ ಬೇಡ. ಐದೈದು ನಿಮಿಷಕ್ಕೆ ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ ನೋಡುತ್ತಾ ಇರಿ. ಮೂರು ಸಲ ಸಾಲಾಗಿ ಅಂಕಿ ಅಲ್ಲಾಡದೆ ನಿಂತರೆ ಹೊಸ ನೀರು ಬಂತು ಎಂದರ್ಥ.

ಪಿಎಚ್ ಅನ್ನು ಅಲ್ಲೇ ಅಳೆದು ಬರೆದಿಟ್ಟುಕೊಳ್ಳಬೇಕು. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಕರಗಿರುತ್ತದೆ. ಮೇಲೆ ಬಂದ ಕೂಡಲೇ ಅದು ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಸುಣ್ಣದ ಅಂಶ ಬಾಟ್ಲಿ ಗೋಡೆಗೆ ಬಿಳಿ ಪದರವಾಗಿ ಕೂರುತ್ತದೆ. ಲ್ಯಾಬಿಗೆ ಹೋಗುವಷ್ಟರಲ್ಲಿ ಪಿಎಚ್ ಜಾಸ್ತಿಯಾಗಿ, ಗಡಸುತನ ಕಡಿಮೆಯಾಗಿ, ಅದು ಬೇರೆಯೇ ನೀರಾಗಿರುತ್ತದೆ.

ಟ್ಯಾಂಕಿನ ನಳದಿಂದ ಹಿಡಿಯಬಹುದೇ ಎಂದು ಕೇಳುವವರಿದ್ದಾರೆ. ನಿಮ್ಮ ಪ್ರಶ್ನೆ ಏನು ಎಂಬುದರ ಮೇಲೆ ಉತ್ತರ ಇದೆ. ಬೋರ್‌ವೆಲ್ ಹೇಗಿದೆ ಎಂದು ತಿಳಿಯಬೇಕಾದರೆ ಟ್ಯಾಂಕಿಗೆ ಹೋಗುವ ಮೊದಲೇ ಹಿಡಿಯಿರಿ. ಜನ ಕುಡಿಯುವ ನೀರು ಹೇಗಿದೆ ಎಂದು ತಿಳಿಯಬೇಕಾದರೆ ಮನೆಯ ನಳದಿಂದಲೋ, ಕೊಡದಿಂದಲೋ ಹಿಡಿಯಿರಿ. ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡುತ್ತಿದೆಯೇ ಎಂಬ ಅನುಮಾನವಿದ್ದರೆ ಒಳಹೋಗುವ ನೀರು, ಹೊರಬರುವ ನೀರು ಎರಡೂ ಬೇಕು. ಮನೆಯ ಹಳೆ ಪೈಪಿನಿಂದ ಸೀಸ ಬರುತ್ತಿದೆಯೇ ಎಂದು ನೋಡುವಾಗ ಮಾತ್ರ ಎಲ್ಲ ತಲೆಕೆಳಗು: ರಾತ್ರಿಯೆಲ್ಲ ನಳ ಮುಟ್ಟದೆ ಬಿಟ್ಟು, ಬೆಳಿಗ್ಗೆ ಬರುವ ಮೊದಲ ನೀರನ್ನೇ ಹಿಡಿಯಬೇಕು.

ಕಾಣದ ಜೀವಿಗಳಿಗೆ ಹಿಡಿಯುವ ಬಾಟ್ಲಿ

ಎಲ್ಲಕ್ಕಿಂತ ಕಷ್ಟದ್ದು ಬ್ಯಾಕ್ಟೀರಿಯಾ ಸ್ಯಾಂಪಲ್. ಬಾಟ್ಲಿಯನ್ನು 121 ಡಿಗ್ರಿ ಉಗಿಯಲ್ಲಿ ಬೇಯಿಸಿ, ಬಾಯಿಗೆ ಕಾಗದ ಸುತ್ತಿ ಕೊಟ್ಟಿರುತ್ತಾರೆ. ತಳದಲ್ಲಿ ಒಂದೆರಡು ಹನಿ ದ್ರವ ಇಲ್ಲವೇ ಬಿಳಿ ಪುಡಿ ಕಾಣುತ್ತದೆ. ಕೊಳೆ ಎಂದುಕೊಂಡು ತೊಳೆದುಬಿಡುವವರೇ ಜಾಸ್ತಿ. ಅದು ಸೋಡಿಯಂ ಥಯೋಸಲ್ಫೇಟ್. ಪಂಚಾಯಿತಿ ನೀರಿಗೆ ಕ್ಲೋರಿನ್ ಹಾಕಿರುತ್ತಾರಲ್ಲ, ಅದು ಬಾಟ್ಲಿಯೊಳಗೂ ತನ್ನ ಕೆಲಸ ಮುಂದುವರಿಸುತ್ತದೆ. ನಳದಲ್ಲಿ ಬಂದಾಗ ಜೀವಂತ ಇದ್ದ ಬ್ಯಾಕ್ಟೀರಿಯಾ ಲ್ಯಾಬ್ ಮುಟ್ಟುವಷ್ಟರಲ್ಲಿ ಸತ್ತಿರುತ್ತವೆ. ವರದಿ ಚೊಕ್ಕ, ಆದರೆ ಆ ನೀರು ಕುಡಿದವರ ಹೊಟ್ಟೆಗೆ ಹೋಗಿದ್ದು ಜೀವಂತ ಬ್ಯಾಕ್ಟೀರಿಯಾ. ಥಯೋಸಲ್ಫೇಟ್ ಕ್ಲೋರಿನ್ನನ್ನು ತಕ್ಷಣ ನಿಷ್ಕ್ರಿಯ ಮಾಡಿ, ನೀರು ಹಿಡಿದ ಕ್ಷಣದ ಸ್ಥಿತಿಯನ್ನು ಹಾಗೇ ಉಳಿಸುತ್ತದೆ. ತೊಳೆಯಬಾರದು ಎಂದದ್ದು ಇದಕ್ಕೇ.

ನಳಕ್ಕೆ ಕಟ್ಟಿದ ಬಟ್ಟೆ, ಪೈಪ್, ಜಾಲರಿ ಎಲ್ಲ ಬಿಚ್ಚಿ. ಸೋರುವ ನಳ ಬೇಡ, ಹಿಡಿಕೆಯ ಸುತ್ತಲಿನ ಕೊಳೆ ನೀರು ಇಳಿದು ಬಾಟ್ಲಿಗೆ ಬೀಳುತ್ತದೆ. ಎರಡು ಮೂರು ನಿಮಿಷ ನೀರು ಬಿಟ್ಟು, ನಿಲ್ಲಿಸಿ, ನಳದ ಬಾಯಿಯನ್ನು ಬೆಂಕಿಯಿಂದ ಕಾಯಿಸಬೇಕು. ಪ್ಲಾಸ್ಟಿಕ್ ನಳ ಆದರೆ ಸ್ಪಿರಿಟ್ ಇಲ್ಲವೇ ಬ್ಲೀಚಿಂಗ್ ದ್ರಾವಣದಲ್ಲಿ ಒರೆಸಿದರೆ ಸಾಕು. ಮತ್ತೆ ಒಂದೆರಡು ನಿಮಿಷ ಸಣ್ಣಗೆ ನೀರು ಬಿಟ್ಟು, ಆಗಷ್ಟೇ ಬಾಟ್ಲಿಯ ಮುಚ್ಚಳ ತೆಗೆಯಿರಿ. ಬಾಟ್ಲಿ ಬಾಯಿ ನಳಕ್ಕೆ ತಾಗಬಾರದು, ಅದರ ಹತ್ತಿರ ಮಾತು, ಕೆಮ್ಮು ಬೇಡ. ಕಂಠದ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟು ಮುಚ್ಚಿ. ಲ್ಯಾಬಿನಲ್ಲಿ ಅಲ್ಲಾಡಿಸಿ ಬೆರೆಸಲು ಆ ಜಾಗ ಬೇಕು. ಇದೇ ಹೊತ್ತಿಗೆ ಇನ್ನೊಂದು ಲೋಟದಲ್ಲಿ ನೀರು ಹಿಡಿದು, ಉಳಿದ ಕ್ಲೋರಿನ್ ಎಷ್ಟಿದೆ ಎಂದು ಅಲ್ಲೇ ನೋಡಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಆಮೇಲೆ ಪ್ರಯಾಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಸ್ಸಿನೊಳಗೆ ನಾವೇ ಬೇಯುತ್ತೇವೆ, ಬಾಟ್ಲಿಯ ಗತಿ ಏನು? ಬಿಸಿಗೆ ಬ್ಯಾಕ್ಟೀರಿಯಾ ಬೆಳೆಯಬಹುದು, ಸಾಯಲೂಬಹುದು. ಯಾವುದಾಯಿತು ಎಂದು ಆಮೇಲೆ ಹೇಳಲು ಬರುವುದಿಲ್ಲ. ಮಂಜುಗಡ್ಡೆಯ ಡಬ್ಬದಲ್ಲಿ 10 ಡಿಗ್ರಿಯ ಕೆಳಗೆ ಇಟ್ಟು, ಸಾಧ್ಯವಾದರೆ ಅವತ್ತೇ ತಲುಪಿಸಬೇಕು. ಗಟ್ಟಿಯಾಗಲು ಬಿಡಬಾರದು, ಹೆಪ್ಪುಗಟ್ಟಿದರೂ ಬ್ಯಾಕ್ಟೀರಿಯಾ ಸಾಯುತ್ತವೆ. ಬಾಟ್ಲಿಯನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕರಗಿದ ಮಂಜಿನ ನೀರು ಮುಚ್ಚಳದ ಸಂದಿಯಿಂದ ನುಸುಳದಿರಲಿ.

ಈ ಪ್ರಯಾಣದ ರಗಳೆಯೇ ಬೇಡ ಎಂಬ ಕಾರಣಕ್ಕೆ ಊರಲ್ಲೇ ಪರೀಕ್ಷೆ ಮಾಡುವ ಕಿಟ್‌ಗಳು ಬಂದಿವೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿ ಹಳ್ಳಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ಇದರ ತರಬೇತಿ ಕೊಡುವ ವ್ಯವಸ್ಥೆ ಇದೆ. ಬ್ಯಾಕ್ಟೀರಿಯಾಕ್ಕೆ ಇರುವ ಪುಟ್ಟ ಶೀಶೆಗೆ ನೀರು ಹಾಕಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಕೊಳಚೆ ಸೇರಿದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ನಿಖರ ಸಂಖ್ಯೆ ಸಿಗುವುದಿಲ್ಲ. ಆದರೆ ಬಿಸಿಲಲ್ಲಿ ಕಾದ ಬಾಟ್ಲಿಯ ನಿಖರ ಸಂಖ್ಯೆಗಿಂತ ಈ ಕಪ್ಪು ಬಣ್ಣವನ್ನು ನಾನು ಜಾಸ್ತಿ ನಂಬುತ್ತೇನೆ.

ಹರಿಯುವ ನದಿ

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು. ಘಟಪ್ರಭೆ ಅನ್ನದ ಗಡಿಗೆ ಅಲ್ಲ. ಹಿಡಕಲ್ ಡ್ಯಾಮ್ ದಾಟಿ, ಗೋಕಾಕದಲ್ಲಿ ಧುಮುಕಿ, ಮುಧೋಳದ ಕಬ್ಬಿನ ನಾಡು ಹಾದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ ಅದರ ನೀರು ಎಲ್ಲೂ ಒಂದೇ ಥರ ಇರುವುದಿಲ್ಲ. ದಂಡೆಯ ನೀರು ಬೇರೆ, ನಡುವಿನ ಹರಿವು ಬೇರೆ. ಹಳ್ಳ ಬಂದು ಸೇರುವ ಜಾಗದಲ್ಲಿ ಎರಡೂ ನೀರು ಬಹಳ ದೂರ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಹಾಗಾಗಿ ಸೇರುವ ಜಾಗಕ್ಕಿಂತ ಮೇಲೆ ಒಂದು, ಹಳ್ಳದಲ್ಲೇ ಒಂದು, ಚೆನ್ನಾಗಿ ಬೆರೆತ ಮೇಲೆ ಕೆಳಗೆ ಒಂದು, ಹೀಗೆ ಮೂರು ಸ್ಯಾಂಪಲ್ ಇದ್ದರಷ್ಟೇ ಹಳ್ಳ ಏನು ತಂದಿತು ಎಂದು ಹೇಳಲು ಬರುತ್ತದೆ. ದಿನವೂ ಮುಖ್ಯ. ಸಂಕ್ರಾಂತಿಯ ದಿನ ಕೂಡಲಸಂಗಮದಲ್ಲಿ ಸಾವಿರಾರು ಜನ ಮುಳುಗೇಳುವಾಗ ಹಿಡಿದ ನೀರು ಆ ದಿನದ್ದು ಮಾತ್ರ, ವರ್ಷದ್ದಲ್ಲ.

ನೀರಿಗೆ ಇಳಿಯುವವರು ಕೆಳಗಿನ ದಿಕ್ಕಿನಿಂದ ಬಂದು, ಹರಿವಿಗೆ ಎದುರಾಗಿ ನಿಲ್ಲಬೇಕು. ಕಾಲಿನಿಂದ ಎದ್ದ ಕೆಸರು ಹಿಂದೆ ಹೋಗುತ್ತದೆ, ಬಾಟ್ಲಿಗೆ ಬರುವುದಿಲ್ಲ. ಬಾಟ್ಲಿಯನ್ನು ಬೋರಲು ಹಿಡಿದು ಒಂದು ಗೇಣಿನಷ್ಟು ಕೆಳಗೆ ಮುಳುಗಿಸಿ, ಅಲ್ಲಿ ಬಾಯಿಯನ್ನು ಹರಿವಿನ ಎದುರಿಗೆ ತಿರುಗಿಸಬೇಕು. ಮೇಲೆ ತೇಲುವ ನೊರೆ, ಎಣ್ಣೆ, ಎಲೆ ಒಳಗೆ ಬರುವುದಿಲ್ಲ. ಆಲಮಟ್ಟಿ ಹಿನ್ನೀರಿನಂಥ ಆಳದ ನೀರಿನಲ್ಲಿ ಮೇಲಿನ ಪದರ ಬೇರೆ, ತಳದ್ದು ಬೇರೆ. ಅಲ್ಲಿಗೆ ಎರಡೂ ತುದಿ ತೆರೆದ ಕೊಳವೆಯನ್ನು ಹಗ್ಗದಲ್ಲಿ ಇಳಿಬಿಟ್ಟು, ಬೇಕಾದ ಆಳದಲ್ಲಿ ಹಗ್ಗದ ಮೇಲೆ ಒಂದು ತೂಕ ಜಾರಿಸಿ ಮುಚ್ಚುತ್ತಾರೆ.

ಮೀನು ಸತ್ತು ತೇಲಿದಾಗ ಮೊದಲು ನೋಡಬೇಕಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ. ಇದನ್ನು ಹಿಡಿಯುವ ವಿಧಾನ 1888ರಲ್ಲಿ ಹಂಗೇರಿಯ ಲಾಯೋಶ್ ವಿಂಕ್ಲರ್ ಕೊಟ್ಟದ್ದು, ಈಗಲೂ ಬಳಕೆಯಲ್ಲಿದೆ. ನೋಡಲು ಒಂಥರ ಚೆಂದ. 300 ಮಿಲಿಲೀಟರಿನ ಗಾಜಿನ ಬಾಟ್ಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ಪೂರ್ತಿ ತುಂಬುತ್ತಾರೆ. ಗುಳ್ಳೆ ಅಂದರೆ ಹೊರಗಿನ ಆಮ್ಲಜನಕ. ಅಲ್ಲೇ ದಂಡೆಯಲ್ಲಿ ಕೂತು ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ದ್ರಾವಣವನ್ನು ನೀರಿನೊಳಗೇ ಬಿಟ್ಟು, ಮುಚ್ಚಿ, ಬಾಟ್ಲಿಯನ್ನು ತಲೆಕೆಳಗು ಮಾಡುತ್ತಾರೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಮೋಡದಂತೆ ಎದ್ದು ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಇರುತ್ತದೆ. ಒಳ್ಳೆಯ ನದಿ ನೀರಿನಲ್ಲಿ 30 ಡಿಗ್ರಿ ಉಷ್ಣತೆಗೆ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. ಹೀಗೆ ಅಲ್ಲೇ ಕಟ್ಟಿಹಾಕದೆ ಬರೀ ನೀರು ತುಂಬಿಕೊಂಡು ಹೋದರೆ, ಕೊಳಚೆಯಲ್ಲಿರುವ ಬ್ಯಾಕ್ಟೀರಿಯಾ ದಾರಿಯಲ್ಲೇ ಇದ್ದ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ನದಿಯ ಸ್ಥಿತಿ ಅಷ್ಟು ಕೆಟ್ಟಿರದಿದ್ದರೂ ವರದಿಯಲ್ಲಿ ಸೊನ್ನೆ ಬರಬಹುದು.

ಖಾಲಿ ನೀರಿನ ಸಾಕ್ಷಿ

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಕೊಳೆ ಸೇರಿಲ್ಲ ಎಂದು ಹೇಗೆ ಗೊತ್ತು? ಅದಕ್ಕೊಂದು ಜಾಣ ಉಪಾಯವಿದೆ. ಲ್ಯಾಬಿನಿಂದ ಹೊರಡುವಾಗಲೇ ಏನೂ ಇಲ್ಲದ ಶುದ್ಧ ನೀರು ಒಯ್ಯುತ್ತಾರೆ. ಬೋರ್‌ವೆಲ್ ಪಕ್ಕದಲ್ಲೇ ಅದನ್ನು ಸ್ಯಾಂಪಲ್ ಬಾಟ್ಲಿಗೆ ಸುರಿದು, ಅದೇ ಆಸಿಡ್ ಹಾಕಿ, ಅದೇ ಡಬ್ಬದಲ್ಲಿಟ್ಟು, ಉಳಿದವುಗಳ ಜೊತೆಗೇ ವಾಪಸ್ ಕೊಡುತ್ತಾರೆ. ಇದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಅದರಲ್ಲಿ ಸತು ಕಂಡರೆ, ಆ ಸತು ಬೋರ್‌ವೆಲ್ಲಿನದ್ದಲ್ಲ, ನಮ್ಮದು. ಜೊತೆಗೆ ಒಂದೇ ಜಾಗದಿಂದ ಎರಡು ಬಾಟ್ಲಿ ತುಂಬಿ ಬೇರೆ ಬೇರೆ ನಂಬರ್ ಹಾಕಿ ಕೊಟ್ಟರೆ, ಎರಡರ ಅಂಕಿ ಎಷ್ಟು ಹತ್ತಿರ ಬಂತು ಎಂಬುದರಲ್ಲಿ ಒಟ್ಟು ಕೆಲಸದ ಗುಣ ಕಾಣುತ್ತದೆ. ಬ್ಲ್ಯಾಂಕಿಗೂ ಪರೀಕ್ಷೆಯ ಶುಲ್ಕ ಕೊಡಬೇಕು. ದುಡ್ಡು ಉಳಿಸಲು ಹೊರಟವರು ಮೊದಲು ಕೈಬಿಡುವುದೂ ಇದನ್ನೇ. ನನ್ನ ಕೇಳಿದರೆ ಒಂದು ಬೋರ್‌ವೆಲ್ ಕಡಿಮೆ ಮಾಡಿ, ಬ್ಲ್ಯಾಂಕ್ ಇಟ್ಟುಕೊಳ್ಳಿ ಎನ್ನುತ್ತೇನೆ.

ಗಾಳಿಯ ವಿಷಯದಲ್ಲೂ ಇದೇ ತತ್ವ, ಪ್ರಮಾಣ ಮಾತ್ರ ಇನ್ನೂ ಸಣ್ಣದು. ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಧೂಳನ್ನು ಅಳೆಯುವ ಯಂತ್ರ ನಿಮಿಷಕ್ಕೆ 16.67 ಲೀಟರ್ ಗಾಳಿ ಎಳೆದು ಒಂದು ತೆಳು ಫಿಲ್ಟರ್ ಮೂಲಕ ಬಿಡುತ್ತದೆ. ಒಂದು ದಿನಕ್ಕೆ 24 ಘನ ಮೀಟರ್ ಆಯಿತು. ನಮ್ಮ ದೇಶದ ಮಿತಿ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಗಾಳಿ ಸರಿಯಾಗಿ ಮಿತಿಯಲ್ಲಿದ್ದರೆ ಇಡೀ ದಿನಕ್ಕೆ ಫಿಲ್ಟರ್ ಮೇಲೆ ಕೂರುವ ಧೂಳು 1.44 ಮಿಲಿಗ್ರಾಂ. ಅಷ್ಟೇ! ಬೆರಳಿನ ಜಿಡ್ಡು, ಮಳೆಗಾಲದ ತೇವ ಎರಡೂ ಈ ತೂಕವನ್ನು ಅಲ್ಲಾಡಿಸುತ್ತವೆ. ಹಾಗಾಗಿ ಫಿಲ್ಟರನ್ನು ಚಿಮಟದಲ್ಲೇ ಹಿಡಿಯುತ್ತಾರೆ, ಬಳಸುವ ಮೊದಲೂ ಆಮೇಲೂ ಒಂದೇ ತೇವಾಂಶದ ಕೋಣೆಯಲ್ಲಿಟ್ಟು ತೂಗುತ್ತಾರೆ. ಯಂತ್ರ ಇಡುವ ಜಾಗದಲ್ಲಿ ಆಗುವ ಎಡವಟ್ಟು ಇನ್ನೂ ದೊಡ್ಡದು. ಆಲೆಮನೆಯ ಹೊಗೆ ಪಕ್ಕದ ಶಾಲೆಗೆ ಎಷ್ಟು ಬರುತ್ತದೆ ಎಂದು ನೋಡಲು ಹೋಗಿ, ಯಂತ್ರಕ್ಕೆ ಕರೆಂಟ್ ಕೊಡುವ ಡೀಸೆಲ್ ಜನರೇಟರನ್ನು ಅದರ ಪಕ್ಕದಲ್ಲೇ ಇಟ್ಟರೆ ಅಳೆದದ್ದು ಜನರೇಟರಿನ ಹೊಗೆ. ಕಬ್ಬಿನ ರವದಿಗೆ ಬೆಂಕಿ ಹಾಕಿದ ದಿನ ಯಾವುದು, ಗಾಳಿ ಯಾವ ಕಡೆ ಬೀಸುತ್ತಿತ್ತು ಎಂದು ಬರೆದಿಡದಿದ್ದರೆ ಆಮೇಲೆ ಆ ಅಂಕಿಗೆ ಅರ್ಥ ಹಚ್ಚಲು ಬರುವುದಿಲ್ಲ.

ಕೋರ್ಟಿಗೆ ಹೋಗುವ ಬಾಟ್ಲಿ

ಕಾರ್ಖಾನೆಯ ಕೊಳಚೆ ನೀರಿನ ಸ್ಯಾಂಪಲ್ ಆದರೆ ರಸಾಯನ ಶಾಸ್ತ್ರದ ಜೊತೆ ಕಾನೂನೂ ಸೇರುತ್ತದೆ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಂ ಇದನ್ನು ವಿವರವಾಗಿ ಹೇಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಸ್ಯಾಂಪಲ್ ತೆಗೆಯುವಾಗ ಜಾಗದ ಜವಾಬ್ದಾರರಿಗೆ ನೋಟಿಸ್ ಕೊಡಬೇಕು, ಅವರ ಎದುರಿಗೇ ಅದನ್ನು ಎರಡು ಪಾಲು ಮಾಡಬೇಕು, ಎರಡನ್ನೂ ಸೀಲ್ ಮಾಡಿ ಇಬ್ಬರೂ ಸಹಿ ಹಾಕಬೇಕು. ಅವರು ಬೇಕಂತಲೇ ಬರದಿದ್ದರೆ, ಸಹಿ ಹಾಕುವುದಿಲ್ಲ ಎಂದರೆ ಏನು ಮಾಡಬೇಕು ಎಂಬುದೂ ಅಲ್ಲೇ ಇದೆ. ಈ ಕ್ರಮ ತಪ್ಪಿದರೆ ಮಂಡಳಿಯ ಸ್ಯಾಂಪಲ್‌ನ ವರದಿಯನ್ನೇ ಕೋರ್ಟು ಸಾಕ್ಷಿಯಾಗಿ ಒಪ್ಪುವುದಿಲ್ಲ. ಗಾಳಿಗೆ 1981ರ ಕಾಯ್ದೆಯ 26ನೇ ಕಲಂನಲ್ಲಿ ಹೆಚ್ಚುಕಡಿಮೆ ಇದೇ ವ್ಯವಸ್ಥೆ ಇದೆ.

ಹಾಗಾದರೆ ರೈತ ತಾನೇ ಹಳ್ಳದಿಂದ ತುಂಬಿದ ಬಾಟ್ಲಿಗೆ ಬೆಲೆಯಿಲ್ಲವೇ? ಇದೆ. ಗದ್ದಲ ಎಬ್ಬಿಸಲು, ಮಂಡಳಿಯವರನ್ನು ಕರೆಸಲು ಅದು ಸಾಕು. ಹಿಡಿದ ಜಾಗ, ಹೊತ್ತು, ನೀರಿನ ಬಣ್ಣ, ವಾಸನೆ ಬರೆದು, ಫೋಟೊ ತೆಗೆದಿಟ್ಟುಕೊಳ್ಳಿ. ಬಾಟ್ಲಿ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬುದಕ್ಕೂ ಒಂದು ಚೀಟಿ ಇರಲಿ. ಹೆಸರು ಬರೆಯುವುದು ಬಾಟ್ಲಿಯ ಮೈಮೇಲೆ, ಮುಚ್ಚಳದ ಮೇಲಲ್ಲ. ಲ್ಯಾಬಿನಲ್ಲಿ ಹತ್ತು ಮುಚ್ಚಳ ಒಟ್ಟಿಗೆ ಬಿಚ್ಚಿಟ್ಟರೆ ಯಾವುದು ಯಾವುದಕ್ಕೆ ಎಂದು ಯಾರಿಗೂ ತಿಳಿಯುವುದಿಲ್ಲ.

ವರದಿ ಕೈಗೆ ಬಂದಾಗ ಅಂಕಿಗೆ ಹೋಗುವ ಮೊದಲು ಕೆಳಗಿನ ಸಣ್ಣ ಅಕ್ಷರ ಓದಿ. ಸ್ಯಾಂಪಲ್ ತಂದುಕೊಟ್ಟವರು ಗ್ರಾಹಕರೇ, ಫಲಿತಾಂಶ ಲ್ಯಾಬಿಗೆ ಬಂದ ಸ್ಯಾಂಪಲ್‌ಗೆ ಮಾತ್ರ ಅನ್ವಯ ಎಂಬ ಅರ್ಥದ ಸಾಲು ಅಲ್ಲಿರುತ್ತದೆ. ಬಾಟ್ಲಿ ಬಂದದ್ದಷ್ಟೇ ನಮಗೆ ಗೊತ್ತು, ಅದರ ಹಿಂದಿನದು ನಿಮ್ಮ ಜವಾಬ್ದಾರಿ ಎಂದು ಲ್ಯಾಬಿನವರು ಹೇಳುತ್ತಿದ್ದಾರೆ. ಆ ಸಾಲು ಬೇಡವೆಂದರೆ ಲ್ಯಾಬಿನವರನ್ನೇ ಊರಿಗೆ ಕರೆಸಿ ಸ್ಯಾಂಪಲ್ ತೆಗೆಸಬೇಕು. ಖರ್ಚು ಜಾಸ್ತಿ, ಹಾಗಾಗಿ ನಾಲ್ಕಾರು ಬೋರ್‌ವೆಲ್ಲಿನವರು ಸೇರಿ ಒಂದೇ ದಿನ ಕರೆಸುವುದು ಲೇಸು.